ಐದುನೂರಾ ಹತ್ತೊಂಬತ್ತರ ದಂಡೆ

ಶೀಗಿ ಹುಣ್ಣಿವೆ ಮುಗಿದು ಮೂರನೆಯ ದಿನ.
ನವನಗರದ ಮೂಲೆಯ ಚಹಾದಂಗಡಿ ಇನ್ನೂ ಕಣ್ಣು ತೆರೆದಿಲ್ಲ;
ಗೈಬುಸಾಬನ ಓಮ್ನಿ ಕೆಮ್ಮಿ, ಕೆಮ್ಮಿ, ಕಡೆಗೆ ಒಪ್ಪಿಕೊಂಡಿತು.
ಹಿಂದಿನ ಸೀಟಿನಲ್ಲಿ ದಾನಮ್ಮ, ಬಿ.ಎಸ್ಸಿ. ಕೊನೆಯ ವರ್ಷ,
ಕೊರಳಲ್ಲಿ ನನ್ನದಕ್ಕಿಂತ ಒಳ್ಳೆಯ ದುರ್ಬೀನು,
ತೊಡೆಯ ಮೇಲೆ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿಯ ಗಂಟು.

ಕಡಲಿಲ್ಲದ ಜಿಲ್ಲೆ ನಮ್ಮದು.
ಆದರೂ ಈ ತಿಂಗಳು ದಂಡೆಗುಂಟ ಹೊರಟರೆ
ದಿನವಿಡೀ ಹೋಗಬಹುದು:
ಒಂದು ಮಗ್ಗುಲಿಗೆ ನೀರು,
ಇನ್ನೊಂದಕ್ಕೆ ಆಗಷ್ಟೇ ಕಣ್ಬಿಟ್ಟ ಹಿಂಗಾರಿ ಜೋಳ,
ನಡುವೆ, ಯಾರಿಗೂ ಹೇಳದೆ, ಸೀದಾ ನೀರೊಳಗೆ ಇಳಿದುಹೋಗುವ
ಹಳೆಯ ಡಾಂಬರು ರಸ್ತೆ,
ಮೈಲಿಗಲ್ಲಿನ ಸಮೇತ.

ಅನಗವಾಡಿ ಸೇತುವೆಯ ಮೇಲೆ ಮೊದಲ ನಿಲುಗಡೆ.
ಲಾರಿ ಹಾದಾಗಲೆಲ್ಲ ದುರ್ಬೀನಿನೊಳಗೆ ಹೊಳೆ ನಡುಗುತ್ತದೆ.
ನದಿ ರೀವ, ಏಳು.
ನೀರುಕಾಗೆ, ಬಿಡು, ಲೆಕ್ಕಕ್ಕಿಲ್ಲ.
"ಪಟ್ಟೆತಲೆ ಹೆಬ್ಬಾತು?"
"ಹಿಮಾಲಯದ ಆಚೀಕ ಅದಾವ ಸರ, ಇನ್ನೊಂದ ತಿಂಗಳ ತಡೀರಿ."
ತಡೆಯುವುದು ಗೊತ್ತು ನನಗೆ.
ಇಲಾಖೆಯಲ್ಲಿ ಮೂವತ್ತೊಂದು ವರ್ಷ ಅದನ್ನೇ ಮಾಡಿದವನು.

ಸರ್ವೇ ಕೆಲಸ. ಲೆವೆಲ್ ಯಂತ್ರ, ಮುಕ್ಕಾಲಿ ಸ್ಟ್ಯಾಂಡು,
ಕೆಂಪು ಬಣ್ಣದ ಡಬ್ಬಿ, ಒಂದು ಕುಂಚ.
ನೀರು ಎಲ್ಲಿಗೆ ಬಂದು ನಿಲ್ಲುವುದೋ ಅಲ್ಲಿ
ನೀರಿಗಿಂತ ಮೊದಲೇ ಹೋಗಿ ಗೆರೆ ಎಳೆಯಬೇಕು:
ಗೋಡೆಗೆ, ಬೇವಿನ ಬೊಡ್ಡೆಗೆ,
ಒಮ್ಮೆ, ಬೇರೇನೂ ಸಿಗದೆ, ದನ ಕುಡಿಯುವ ಕಲ್ಲುಬಾನಿಗೆ.
ಐದುನೂರಾ ಹತ್ತೊಂಬತ್ತು ಬಿಂದು ಆರು ಮೀಟರು,
ಸಮುದ್ರಮಟ್ಟದಿಂದ.
ಆವರೆಗೆ ನಾನು ಸಮುದ್ರ ನೋಡಿರಲಿಲ್ಲ.

ಬೀಳಗಿ ಕ್ರಾಸ್ ದಾಟಿ ಮಣ್ಣಿನ ದಾರಿ.
ಜಾಲಿಕಂಟಿ ಗಾಡಿಯ ಪಕ್ಕೆ ಕೆರೆಯಿತು;
ಎರೆಮಣ್ಣು ನನ್ನ ಎಡಗಾಲ ಚಪ್ಪಲಿ ಇಸಿದುಕೊಂಡಿತು.
ಕೆಸರಿನ ತುಂಬ ಮೆಟ್ಟುಗಾಲು ಹಕ್ಕಿ,
ಸೀರೆಯಂಚು ಎತ್ತಿ ಹಿಡಿದು
ತೊಯ್ದ ಅಂಗಳ ದಾಟುವ ಬೀಗತಿಯರ ಹಾಗೆ.
ನಲವತ್ತಮೂರು ಅಂದೆ. ನಲವತ್ತೊಂದು ಅಂದಳು.
ಮತ್ತೆ ಎಣಿಸುವಷ್ಟರಲ್ಲಿ ಜೌಗು ಸೆಳೆವ ಒಂದು
ಸುಮ್ಮನೆ ಹಾದುಹೋಯಿತು;
ಎಲ್ಲ ಎದ್ದವು. ಲೆಕ್ಕವೂ ಎದ್ದಿತು.

ಆಗ ಗೈಬುಸಾಬ, ಹಚ್ಚದ ಬೀಡಿ ಬಾಯಲ್ಲೇ ಇಟ್ಟುಕೊಂಡು,
ಕೈ ಚಾಚಿದ.
ನೀರಿನ ಮೇಲೆ ಮೊಳದಷ್ಟು ಉಳಿದ ಕಲ್ಲಿನ ಗೋಡೆ.
ಅದರ ಮೇಲೆ ಒಂಟಿ ರೀವ, ಹಳದಿ ಕೊಕ್ಕು,
ಗಾಳಿಗೆ ಎದೆಯೊಡ್ಡಿ.
"ನಮ್ಮ ಹಿಟ್ಟಿನ ಗಿರಣಿ ಗ್ವಾಡಿರೀ ಅದು.
ನೀವು ಎಳದ ಗೆರಿ ನಮ್ಮವ್ವ ರಮಜಾನಕ್ಕೊಮ್ಮೆ
ಸುಣ್ಣ ಬಳದು ಮುಚ್ಚತಿದ್ದಳು.
ನೀವು ಮತ್ತ ಬಂದು ಎಳೀತಿದ್ರಿ.
ನಾ ಸಣ್ಣಾವ, ನಿಮ್ಮ ಡಬ್ಬಿ ಹಿಡೀತಿದ್ದೆ. ನೆನಪಿಲ್ಲೇನ್ರಿ?"

ನೆನಪಿಲ್ಲ.
ಎಷ್ಟೋ ಊರು, ಎಷ್ಟೋ ಹುಡುಗರು, ಒಂದೇ ಡಬ್ಬಿ.
ಇದೆ ಅನ್ನಲು ಬಾಯಿ ತೆರೆದವನು
ದುರ್ಬೀನು ಕಣ್ಣಿಗಿಟ್ಟುಕೊಂಡೆ.
ಸುಣ್ಣದ ಪದರು ಸುಲಿದಲ್ಲಿ ಕೆಂಪು.
ಅದರ ಕೆಳಗಂಚನ್ನು ಅಲೆಯೊಂದು
ನೆಕ್ಕುತ್ತಿತ್ತು, ಬಿಡುತ್ತಿತ್ತು, ನೆಕ್ಕುತ್ತಿತ್ತು.

"ಏನಾರ ಆಗ್ಲಿ, ಸುಳ್ಳ ಬರದಿಲ್ಲ ನೀವು," ಅಂದ ಗೈಬುಸಾಬ,
"ನೀರು ಕರೆಕ್ಟ ಅಲ್ಲೇ ನಿಂತೈತಿ."

ನಿವೃತ್ತಿಯ ದಿನ ಶಾಲು ಹೊದಿಸಿದ್ದರು, ಗಡಿಯಾರ ಕೊಟ್ಟಿದ್ದರು.
ಇಂಥದೊಂದು ಸರ್ಟಿಫಿಕೇಟು ಯಾರೂ ಕೊಟ್ಟಿರಲಿಲ್ಲ.
ಎಲ್ಲಿಡಬೇಕೋ ತಿಳಿಯದೆ
ಕೆಸರಲ್ಲಿ ಚಪ್ಪಲಿ ಹುಡುಕತೊಡಗಿದೆ.

ನೀರು ನಿಂತ ಮೇಲೆ ಹುಟ್ಟಿದ ದಾನಮ್ಮ ಮೊಬೈಲು ಹಿಡಿದು ಕೇಳಿದಳು:
"ರೀವ, ಒಂದು. ಜಾಗಾ ಏನಂತ ಹಾಕಲಿ?
ನಕ್ಷಾದಾಗ ಬರೇ ನೀಲಿ ತೋರಸ್ತೈತಿ."
"ಗಿರಣಿ ಅಂತ ಹಾಕವಾ," ಅಂದ ಅವನು.
ಹಾಕಿದಳು.

ಮಧ್ಯಾಹ್ನ ಕೃಷ್ಣೆಯ ಉದ್ದ ಸೇತುವೆ ದಾಟಿದರೆ ಕೊಲ್ಹಾರ.
ಗಡಿಗೆಯ ಮೊಸರು, ಬೋರಲು ಹಾಕಿದರೂ ಬೀಳದಂಥದು.
ತಿನ್ನುವಾಗ ತೀರ ಮೇಲೆ,
ಹೆಸರು ಹಿಡಿಯಲಾರದಷ್ಟು ಮೇಲೆ,
ಒಂದು ಸಾಲು ಬಡಗಣದಿಂದ ಬಂದು ತುಸು ಬಾಗಿ ಹೋಯಿತು.
"ಬರಕೊಂಡಿ?"
"ಗುರುತ ಹತ್ತಲಿಲ್ಲ ಸರ."
"ಹಂಗಂತನೇ ಬರಿ."

ರೊಕ್ಕ ಕೊಡಲು ಎದ್ದೆ.
ಗೈಬುಸಾಬ ಆಗಲೇ ಕೊಟ್ಟುಬಂದಿದ್ದ,
ಮೂವರದೂ.