ತೊಂಬತ್ತು ಮೀಟರು

ಸುಂಟಿಕೊಪ್ಪದ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ
ಆರು ಮೇಜಿನ ಆಫೀಸು ಇಪ್ಪತ್ತೆರಡಾಗಲಿದೆ.
ಬೊಳ್ಳಮ್ಮ ಮೇಡಂ ನಕ್ಷೆ ಹರಡಿದರು,
ಮೂಲೆಗೊಂದು ಬೀಜದ ಸ್ಯಾಂಪಲ್ ಡಬ್ಬಿ, ಗಾಳಿಗೆ ಹಾರದಂತೆ.
"ಎಷ್ಟು ಪಾಯಿಂಟು ಬೇಕು, ಹೇಳಿ."

ನಾನು ಮೊದಲು ಗೋಡೆ ತಟ್ಟಿದೆ.
ಎರಡಡಿ ದಪ್ಪ, ಹೊರಗೆ ಕಲ್ಲು, ಒಳಗೆ ಮಣ್ಣು;
ಡ್ರಿಲ್ಲು ನಡುವೆ ಸಿಕ್ಕಿಕೊಂಡರೆ
ಬಿಡಿಸಲು ಒಂದು ಮಧ್ಯಾಹ್ನ.
ತಲೆಯೆತ್ತಿದರೆ ಹಂಚಿನ ಸಂದು, ತೊಲೆಯ ಮೇಲೆ ಇಲಿಯ ಹಿಕ್ಕೆ.
ಜೂನಿನಲ್ಲಿ ನೆಲ ಎಲ್ಲಿ ಒಸರುತ್ತದೆಂದು
ಕಸ ಗುಡಿಸುವಾಕೆಯನ್ನೇ ಕೇಳಿದೆ.
ಕಾಲಿನ ಹೆಬ್ಬೆರಳಲ್ಲಿ ಗೆರೆ ಎಳೆದು ತೋರಿಸಿದಳು,
ನಕ್ಷೆಯಲ್ಲಿಲ್ಲದ ಗೆರೆ.

ಒಂದು ಕಾಲಕ್ಕೆ ನಾನು ಟೀವಿ ಕೇಬಲ್ಲಿನವನು.
ಸಿಲ್ವರ್ ಓಕಿನಿಂದ ಸಿಲ್ವರ್ ಓಕಿಗೆ,
ಕೊಂಬೆ ಮುರಿದರೆ ಇಡೀ ಲೈನಿನಲ್ಲಿ ಧಾರಾವಾಹಿ ಅರ್ಧಕ್ಕೆ.
ಆಗ ಪ್ಲಾನು ಅಂದರೆ ಏಣಿ ಹೆಗಲಿಗೇರಿಸುವುದು.
ಈಗ ಪೆನ್ಸಿಲ್ಲು ಕಿವಿಗೆ ಸಿಕ್ಕಿಸಿ ಹೇಳುತ್ತೇನೆ:
ಮೇಜಿಗೆ ಎರಡು. ಪ್ರಿಂಟರಿಗೆ ಬೇರೆ. ಸೂರಿಗೆ, ವೈಫೈಗೆಂದು, ಮೂರು.
ಕರೆಂಟಿನ ವೈರೂ ಇದೂ ಒಂದೇ ಪೈಪಿನಲ್ಲಿ ಮಲಗಕೂಡದು,
ನಡುವೆ ಗೇಣು ಬಿಡಬೇಕು, ದಾಯಾದಿಗಳ ಗದ್ದೆಗೆ ಬದು ಬಿಟ್ಟ ಹಾಗೆ.
ತಿರುವಿನಲ್ಲಿ ಮುರಿದು ಮಡಚದೆ ಬಳಸಿಕೊಂಡು ಹೋಗಬೇಕು.
ಪೈಪು ಅರ್ಧ ತುಂಬುವ ಮೊದಲೇ
ಸಾಕು ಅನ್ನಬೇಕು.

"ಅರ್ಧ ಖಾಲಿ ಪೈಪಿಗೆ ಪೂರ್ತಿ ದುಡ್ಡಾ?"
ಪಳಂಗಪ್ಪನವರು, ತೇವ ಅರ್ಧ ಪರ್ಸೆಂಟು ಹೆಚ್ಚೆಂದು
ಲಾರಿಯನ್ನೇ ತಿರುಗಿಸಿ ಕಳಿಸುವ ಯಜಮಾನರು.
ನಾನು ಟೇಪು ಸುತ್ತುತ್ತ ಸುಮ್ಮನಿದ್ದೆ.
"ಇಪ್ಪತ್ತೆರಡು ಮೇಜು ಇಪ್ಪತ್ತೆರಡೇ ಆಗಿ ಉಳಿದ ಆಫೀಸು
ನಾವಿನ್ನೂ ನೋಡಿಲ್ಲ ಸಾರ್," ಅಂದವನು ಮೊಯ್ದು,
ಏಣಿಯ ಮೇಲಿಂದ, ಹಲ್ಲಲ್ಲಿ ಸ್ಕ್ರೂ ಕಚ್ಚಿಕೊಂಡೇ.

ತೊಡಕು ಬಂದದ್ದು ವೇಬ್ರಿಡ್ಜಿನಲ್ಲಿ.
ಕಣದ ಆಚೆ, ಗೇಟಿನ ಪಕ್ಕ.
ಹರಡಿದ ಚೆರಿಯನ್ನು ತುಳಿಯದಂತೆ ಅಂಚಿನಲ್ಲೇ ನಡೆದು
ಐವತ್ತರ ಟೇಪನ್ನು ಮೂರು ಸಲ ಹಿಡಿದೆವು.
ನೂರ ಮೂವತ್ತೆಂಟು.
ತಾಮ್ರಕ್ಕೆ ತೊಂಬತ್ತೇ ಮೀಟರಿನ ಉಸಿರು,
ಆಚೆಗೆ ಮಾತು ತೊದಲುತ್ತದೆ.
ಸಾಲದ್ದಕ್ಕೆ ಏಪ್ರಿಲಿನ ಸಿಡಿಲು: ಹೋದ ವರ್ಷ ಪಕ್ಕದ ಗೋದಾಮಿನಲ್ಲಿ
ಒಂದೇ ಏಟಿಗೆ ಸ್ವಿಚ್ಚು, ಮಾನಿಟರು,
ಯಾವುದಕ್ಕೂ ಸೇರದ ಗೋಡೆ ಗಡಿಯಾರ ಸಹ.
ಇಲ್ಲಿಗೆ ಗಾಜಿನ ಎಳೆಯೇ ಸರಿ.

ಇಷ್ಟು ವರ್ಷ ಆ ದೂರವನ್ನು ದಾಟಿಸುತ್ತಿದ್ದವಳು ಸೆಲ್ವಿ.
ದಿನಕ್ಕೆಷ್ಟು ಸಲ ಎಂದರೆ, ಲಾರಿ ಎಷ್ಟೋ ಅಷ್ಟು.
ಮಳೆಗೆ ಚೀಟಿ ಪ್ಲಾಸ್ಟಿಕ್ಕಿನೊಳಗೆ,
ತಾನು ಗೋಣಿ ಗೊಪ್ಪೆಯೊಳಗೆ.
ಒಮ್ಮೆ ಚೀಟಿಯ ಏಳನ್ನು ನಂಬದೆ
ಅರ್ಧದಾರಿಯಿಂದ ತಿರುಗಿ ಹೋಗಿ
ಒಂದು ಎಂದು ತಿದ್ದಿಸಿಕೊಂಡು ಬಂದಳಂತೆ.
ಗಾಜಿನ ಎಳೆ ಅರ್ಧದಾರಿಯಿಂದ ತಿರುಗುವುದಿಲ್ಲ.

ಟೇಪಿನ ಇನ್ನೊಂದು ತುದಿ ಹಿಡಿದವಳೂ ಅವಳೇ.
"ಅಣ್ಣ, ಇದು ಬಂದ ಮೇಲೆ ಚೀಟಿ ಇಲ್ಲವಾ?"
"ಇಲ್ಲ."
ತುದಿಯನ್ನು ನೆಲಕ್ಕೆ ಬಿಡದೆ
ಐವತ್ತು ಮೀಟರು ನಡೆದು ತಂದು
ನನ್ನ ಕೈಗೇ ಕೊಟ್ಟಳು, ಚೀಟಿ ಕೊಟ್ಟಂತೆ.

ರಾತ್ರಿ ನಕ್ಷೆಗೆ ನಂಬರು ಹಾಕುತ್ತ ಕೂತೆ.
ಒಂದು, ಎರಡು ಪಳಂಗಪ್ಪನವರಿಗೆ. ಮೂರು, ನಾಲ್ಕು ಮೇಡಂಗೆ.
ಕಿಟಕಿಯ ಬಳಿ, ಸ್ಯಾಂಪಲ್ ಬೀರುವಿನ ಪಕ್ಕ
ಮೂರಡಿ ಜಾಗ, ಯಾರೂ ಕೇಳಿರದ್ದು.
ಐವತ್ತೊಂದು, ಐವತ್ತೆರಡು ಎಂದು ಬರೆದೆ.
ಹೆಸರಿನ ಕಾಲಂ ಖಾಲಿ ಬಿಟ್ಟೆ.

ಬೆಳಿಗ್ಗೆ ಬೊಳ್ಳಮ್ಮ ಮೇಡಂ ಅಲ್ಲೇ ಬೆರಳಿಟ್ಟರು. "ಇಲ್ಲಿ ಯಾರು?"
"ತೂಕ ತಾಳೆ ನೋಡುವವರು ಒಬ್ಬರು ಬೇಕಾಗಬಹುದು...
ಮಿಷನ್ನು ಏಳು ಅಂದದ್ದೆಲ್ಲ ಏಳಲ್ಲವಲ್ಲ."
ಅವರು ಹೂಂ ಅನ್ನಲಿಲ್ಲ. ಅಳಿಸಲೂ ಇಲ್ಲ.
ಡಬ್ಬಿಯೊಂದನ್ನು ಸರಿಸಿ ಅದರ ಮೇಲಿಟ್ಟರು.

ಕೊನೆಯ ದಿನ ಮೊಯ್ದು ಪೈಪುಪೈಪಿನಲ್ಲೂ
ಒಂದೊಂದು ನೈಲಾನ್ ದಾರ ಬಿಟ್ಟು ತುದಿಯನ್ನು ಮೊಳೆಗೆ ಸುತ್ತಿದ,
ನಾಳೆ ಯಾರೋ ತಮ್ಮ ತಂತಿ ಕಟ್ಟಿ ಎಳೆದುಕೊಳ್ಳಲಿ ಎಂದು.
ಪಳಂಗಪ್ಪನವರು ಬಿಲ್ಲಿನಲ್ಲಿ ದಾರ ಹುಡುಕಿದರು.
ನಾನು ಬರೆದಿರಲಿಲ್ಲ.

ಗೇಟಿನಲ್ಲಿ ಲಾರಿಯ ಹಾರನ್ನು.
ಪರದೆಯ ಮೇಲೆ ತೂಕ ಆಗಲೇ ಬಂದು ಕೂತಿತ್ತು.
ಸೆಲ್ವಿ ಎದ್ದಳು, ಕೂತಳು,
ಮತ್ತೆ ಎದ್ದಳು.