ಶನಿವಾರ ಬನ್ನಿ

ಬೆಲ್ಟು ಸಡಿಲ ಅಂದೆ ಮೊದಲ ದಿನ,
ಪೂರ್ತಿ ಕೇಳದೆಯೇ. ಶಿವರಾಂಪೇಟೆಯ ಈ ಗೂಡಿನಲ್ಲಿ
ಇಪ್ಪತ್ತಾರು ವರ್ಷ ಡೆಕ್ಕು ಬಿಚ್ಚಿದವನಿಗೆ
ಅಷ್ಟೂ ಗೊತ್ತಾಗದೆ?
ಐದೇ ಸ್ವರ. ಮತ್ತೆ ಅದೇ ಐದು.
ಮತ್ತೆ.
ಸಿಕ್ಕಿಕೊಂಡಿದೆ ಮೇಡಂ, ಬುಧವಾರ ಬನ್ನಿ.

ಪ್ರಿಸಿಲ್ಲಾ ಮೇಡಂ ಏನೂ ಹೇಳಲಿಲ್ಲ.
ಚೀಟಿ ಪರ್ಸಿಗಿಟ್ಟು, ಕೊಡೆ ಬಿಚ್ಚಿ
ಬಿಸಿಲಿಗಿಳಿದರು.
ಕ್ಯಾಸೆಟ್ಟು ಒಳಗೇ ಉಳಿಯಿತು.

ಹೆಡ್ಡಿಗೆ ಸ್ಪಿರಿಟ್ಟು, ಹತ್ತಿ. ಹೊಸ ಬೆಲ್ಟು.
ಮುಚ್ಚಿ ಒತ್ತಿದರೆ ಅದೇ ಐದು.
ಮೋಟಾರು ಬದಲಿಸಿದೆ. ಅದೇ ಐದು.
ಅಕ್ಕನ ಮದುವೆಯ ನಾದಸ್ವರದ ಕ್ಯಾಸೆಟ್ಟು ಹಾಕಿದೆ,
ಸಲೀಸಾಗಿ ಹರಿಯಿತು.
ಡೆಕ್ಕಿಗೆ ರೋಗವಿಲ್ಲ. ಹಾಗಾದರೆ ಇದನ್ನು
ಹೀಗೇ ಬಾರಿಸಿದ್ದಾರೆ ಯಾರೋ, ಬೇಕೆಂದೇ.

ಹುಡುಗ ತೌಸೀಫ್ ಎರಡನೇ ದಿನಕ್ಕೆ ಕಿವಿ ಮುಚ್ಚಿದ:
‘ಅಣ್ಣ, ನಮ್ಮನೆ ನಲ್ಲಿ
ಇದಕ್ಕಿಂತ ಚೆನ್ನಾಗಿ ತೊಟ್ಟಿಕ್ಕುತ್ತೆ.’
ನಕ್ಕೆ. ಆದರೂ ಬೆಸುಗೆ ಹಾಕುವಾಗ
ಬೇರೆ ಹಾಡುಗಳು ಕೈ ಜಗ್ಗುತ್ತವೆ.
ಇದು ಜಗ್ಗಲಿಲ್ಲ. ಸೀಸ ಕರಗಿ ಕೂರುವವರೆಗೆ
ಪಕ್ಕದಲ್ಲೇ ಕಾಯುತ್ತಿತ್ತು.

ಎದುರಿನ ಜಗಲಿಯಲ್ಲಿ ಊದುಬತ್ತಿ ಹೊಸೆಯುವ ಜಯಶೀಲಮ್ಮ
‘ಅದನ್ನ ಒಸಿ ಜೋರಾಗಿ ಹಾಕಪ್ಪ, ಕೈ ಓಡುತ್ತೆ’ ಅಂದಳು.
ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ.

ಹತ್ತನೇ ಸಲವೋ ಹದಿನಾಲ್ಕನೆಯದೋ,
ಮಧ್ಯಾಹ್ನ, ಕರೆಂಟು ಹೋಗಿ ಬಂದ ಮೇಲೆ
ಕೇಳಿಸಿತು: ಪಿಯಾನೋ ಎರಡಿವೆ.
ಒಂದು ಕೂದಲೆಳೆಯಷ್ಟು ಬೇಗ.
ಜೊತೆಗೆ ಹೊರಟ ಇಬ್ಬರಲ್ಲಿ ಒಬ್ಬ
ಚಪ್ಪಲಿ ಸರಿಮಾಡಿಕೊಳ್ಳಲು ನಿಂತ ಹಾಗೆ
ನಡುವೆ ಒಂದು ಸಂದು.
ಆ ಸಂದಿನಲ್ಲಿ, ಯಾರೂ ಬಾರಿಸದ
ಆರನೆಯದೊಂದು ಇಣುಕಿ ಹೋಯಿತು.

ವೇಗ ತಪ್ಪುವುದನ್ನು ಇಷ್ಟು ವರ್ಷ
ಸ್ಕ್ರೂ ತಿರುವಿ ತಿರುವಿ ಕೊಂದವನು ನಾನು.
ಇಲ್ಲಿ ಅದೇ ತಪ್ಪು
ಎಷ್ಟು ತಾಳ್ಮೆಯಿಂದ, ಎಣಿಸಿಕೊಂಡು ನಡೆಯುತ್ತಿತ್ತು.

ಬುಧವಾರ ಬಂದರು. ಪಾರ್ಟು ಬರಬೇಕು ಅಂದೆ.
ಶನಿವಾರ ಬನ್ನಿ.

ಗುರುವಾರ ಏನೂ ಕೇಳಿಸಲಿಲ್ಲ. ಹಲ್ಲುನೋವಿತ್ತು.
ಬರೀ ಐದು, ಪಕ್ಕದ ಮನೆಯವರು ಮೊಳೆ ಹೊಡೆದಂತೆ.
ಶುಕ್ರವಾರ ಆರನೆಯದು ಬಂತು,
ಹುಡುಕದೆ ಇದ್ದಾಗ, ಬಿಲ್ಲು ಬರೆಯುತ್ತಿದ್ದಾಗ.

ಶನಿವಾರ ಅವರು ಬಂದಾಗ ಡೆಕ್ಕು ಓಡುತ್ತಲೇ ಇತ್ತು,
ರಸ್ತೆಗೆ ಕೇಳುವಷ್ಟು.
ಇನ್ನೂ ಆಗಿಲ್ಲ ಮೇಡಂ, ಅಂದೆ,
ಅದರ ಮೇಲೇ ಕೈಯಿಟ್ಟು.
‘ಹೌದಾ’ ಅಂದರು.
ಸ್ಟೂಲಿನ ಧೂಳು ಕರ್ಚೀಫಿನಿಂದ ಒರೆಸಿ ಕೂತರು.
‘ಇನ್ನು ಸ್ವಲ್ಪ ಹೊತ್ತಿಗೆ ಎಡಗಡೆಯದು ನಿಲ್ಲುತ್ತೆ.
ಆಗ ನೋಡಿ.’

ತೌಸೀಫನಿಗೆ ಮೂರು ಟೀ ಹೇಳಿದೆ.
ಅದೇ ಐದು.
ಇನ್ನೂ ನಿಂತಿಲ್ಲ.