ಮೊಬೈಲು ಬೋರಲು

ಅರಸೀಕೆರೆ ಜಂಕ್ಷನ್ನು, ಎರಡನೇ ಪ್ಲಾಟ್‌ಫಾರ್ಮು,
ಒಂದು ಕಾಲು ಕುಸಿದ ಕಲ್ಲುಬೆಂಚು.
ಬುಧವಾರ ಸಂಜೆ ನಾವು ನಾಲ್ವರು.
ನಿಯಮ ಒಂದೇ: ಮೊಬೈಲು ಬೋರಲು.
ಸೋತವರು ಟೀ ಕೊಡಿಸಬೇಕು.
ಗೆದ್ದವರಿಗೆ ಏನೂ ಇಲ್ಲ,
ಗೆದ್ದೆನೆಂಬ ಕೊಬ್ಬೊಂದು ಬಿಟ್ಟು.

ಮೊದಲ ಪಟ್ಟು ಯಾವತ್ತೂ ತಸ್ನೀಮಳದು.
ಹಾಸನದ ಆಸ್ಪತ್ರೆಯಲ್ಲಿ ದಿನವಿಡೀ ರಕ್ತ ನೋಡಿ ಬಂದವಳು,
ಕಡೂರಿನ ಗಾಡಿಗೆ ಇನ್ನೂ ಮುಕ್ಕಾಲು ಗಂಟೆ.
"ಆಕ್ಟೋಪಸ್ಸಿಗೆ ಹೃದಯ ಎಷ್ಟು?"
"ಮೂರು" ಎಂದ ಗವಿರಂಗಪ್ಪ. "ರಕ್ತ ನೀಲಿ.
ಹೋದ ತಿಂಗಳೂ ಇದನ್ನೇ ಕೇಳಿದ್ದೆ ಕಣವ್ವ,
ಹಳೇ ಕೊಬ್ಬರಿಗೆ ಹೊಸ ಚೀಲ ಹಾಕಬೇಡ."

ಅವನು ತಿಪಟೂರಿನವನು, ಕೊಬ್ಬರಿ ದಲ್ಲಾಳಿ,
ಕಾಯಿ ಕಿವಿಯ ಹತ್ತಿರ ಅಲುಗಿಸಿ ವಯಸ್ಸು ಹೇಳುವವನು.
ಅವನ ಪ್ರಶ್ನೆಯ ಒಳಗೂ ಗಿಟಕು ಉರುಳುವ ಸದ್ದು:
"ಎರಡು ಬೇಲಿ ಹಾರದೆ ಸಮುದ್ರ ಸಿಗದ ದೇಶ ಯಾವುದು?
ಪಕ್ಕದ ಮನೆಯವರ ಹಿತ್ತಿಲಲ್ಲೂ ಕಡಲಿರಬಾರದು."
ನಾನು ನೇಪಾಳ ಎಂದೆ.
ಎಂದ ಮೇಲೆ ನೆನಪಾಯಿತು, ಪಕ್ಕದ ಮನೆ ನಮ್ಮದೇ.

"ಉಜ್ಬೇಕಿಸ್ತಾನ" ಅಂದಳು ತಸ್ನೀಮ್, ಅಂದವಳೇ
ಗಾಳಿಯಲ್ಲಿ ಜಿಲ್ಲೆಗಳ ಗೆರೆ ಎಳೆಯತೊಡಗಿದಳು:
"ಹಾಸನದ ಬೇಲಿ ಹಾರಿದರೆ ದಕ್ಷಿಣ ಕನ್ನಡ, ಅಲ್ಲಿ ಕಡಲು.
ನಮ್ಮ ಚಿಕ್ಕಮಗಳೂರು ಹಾರಿದರೆ ಉಡುಪಿ, ಅಲ್ಲೂ ಕಡಲು.
ನಿಮ್ಮ ತುಮಕೂರು ನೋಡಿ ಅಣ್ಣ,
ಯಾವ ಬೇಲಿ ಹಾರಿದರೂ ಇನ್ನೊಂದು ಬೇಲಿ."
ಅಂದಿನಿಂದ ಅವನಿಗೆ ಅದೇ ಹೆಸರು.
ಟಿಕೆಟ್ ಕೊಡುವವನೂ ಕರೆಯುತ್ತಾನೆ: ಉಜ್ಬೇಕಿಸ್ತಾನದೋರೇ, ಚಿಲ್ಲರೆ!

ನನ್ನದು ತಕ್ಕಡಿ ರಿಪೇರಿ, ಕಟ್ಟಿನಕೆರೆ ಮಾರ್ಕೆಟ್ಟಿನ ಮೂಲೆ.
ಇಲ್ಲಿ ತೂಗಿದ ಮೂಟೆ ಉತ್ತರ ಧ್ರುವಕ್ಕೆ ಹೋದರೆ
ಹೆಚ್ಚು ತೂಗುತ್ತದೋ, ಕಮ್ಮಿಯೋ?
"ಹೆಚ್ಚು!" ಗವಿರಂಗಪ್ಪನ ಕಣ್ಣು ಹೊಳೆಯಿತು,
ಇಷ್ಟು ವರ್ಷ ತಪ್ಪು ಮಂಡಿಯಲ್ಲಿ ಮಾರಿದವನಂತೆ.
ಹೆಚ್ಚೇ, ಸ್ಪ್ರಿಂಗಿನ ತಕ್ಕಡಿಯಲ್ಲಿ. ಎರಡು ತಟ್ಟೆಯದಾದರೆ
ಕಲ್ಲಿಗೂ ಅಷ್ಟೇ ಭಾರ ಏರಿರುತ್ತದೆ, ಮುಳ್ಳು ಅಲುಗುವುದಿಲ್ಲ.
"ಅಂದರೆ ಗಂಡ ಹೆಂಡತಿ ಇಬ್ಬರೂ ಊದಿದರೆ
ಯಾರೂ ದಪ್ಪಗಾಗಿಲ್ಲ" ಎಂದಳು ತಸ್ನೀಮ್.
ಅವನು ಒಪ್ಪಲು ಎರಡು ಬುಧವಾರ ಹಿಡಿಯಿತು.
ಅದರಲ್ಲೊಂದು ಬುಧವಾರ ಬೇರೆ ಬೆಂಚಿನಲ್ಲಿ ಕೂತಿದ್ದ.

ದ್ಯಾವಣ್ಣ ಮಾತ್ರ ಎಂದೂ ಕೇಳಿದವನಲ್ಲ.
ಹಳಿ ಕಾಯುವ ಗ್ಯಾಂಗಿನವನು, ಬಾಣಾವರದ ಕಡೆ ನಡೆದು ಬಂದು
ಸುತ್ತಿಗೆ ಪಕ್ಕಕ್ಕಿಟ್ಟು ಕೂರುತ್ತಿದ್ದ.
ಸೋಲಲಿಲ್ಲ, ಗೆಲ್ಲಲಿಲ್ಲ, ಎಲ್ಲರ ಟೀ ಕುಡಿದ.

ಹೋದ ವಾರ, ಬಿಸಿಲು ಇಳಿದರೂ ಜಲ್ಲಿಯ ಕಾವು ಇಳಿಯದ ಹೊತ್ತಲ್ಲಿ,
"ನಂದೂ ಒಂದೈತೆ" ಅಂದ.
"ಬೆಳಗ್ಗೆಯಿಂದ ಮಧ್ಯಾಹ್ನಕ್ಕೆ ಒಂದು ಕಿಲೋಮೀಟರ್ ಹಳಿ
ಬುಟ್ರೆ ಎಷ್ಟು ಉದ್ದ ಬೆಳೀತದೆ?"
ನಾನು ಗೇಣು ಎಂದೆ. ಗವಿರಂಗಪ್ಪ ಮೊಳ ಎಂದ.
"ಗೇಣಿಗೆ ಜಾಸ್ತಿ, ಮೊಳಕ್ಕೆ ಕಮ್ಮಿ.
ಆದ್ರೆ ನಾವು ಬುಡಕಿಲ್ವಲ್ಲ.
ಬೆಸುಗೆ ಹಾಕಿ, ಕ್ಲಿಪ್ಪು ಹೊಡೆದು ಹಿಡ್ಕಂಡಿರ್ತೀವಿ.
ಹಂಗಾರೆ ಆ ಉದ್ದ
ಎಲ್ಲಿಗೋಯ್ತದೆ?"

ತಸ್ನೀಮಳ ಬಾಯಿ ತೆರೆದು ಮುಚ್ಚಿತು.
ಗವಿರಂಗಪ್ಪ ಬೋರಲು ಫೋನಿನ ಮೇಲೆ ಕೈಯಿಟ್ಟ, ತೆಗೆದ.
ನನಗೆ ಉತ್ತರ ಗೊತ್ತಿತ್ತು,
ಪಾಲಿಟೆಕ್ನಿಕ್ಕಿನಲ್ಲಿ ಚಿತ್ರ ಸಮೇತ ಬರೆದು ಏಳು ಅಂಕ ಪಡೆದದ್ದು.
ಆದರೆ ಅವನು ಹಳಿಯತ್ತ ನೋಡುತ್ತ ಕೂತ ರೀತಿಗೆ
ಆ ಉತ್ತರ ಗಿಡ್ಡವಾಗಿತ್ತು.

ಕಡೂರಿನ ಗಾಡಿ ಬಂತು. ತಿಪಟೂರಿನದು ಬಂತು.
ಕಡೆಗೆ ಹಾಸನದ್ದು.
ದ್ಯಾವಣ್ಣ ಸುತ್ತಿಗೆ ಹೆಗಲಿಗೇರಿಸಿ ಕತ್ತಲೆಗೆ ಇಳಿದ.
ಟೀ ಅಂಗಡಿಯ ಗೋಡೆಯಲ್ಲಿ ಸೀಮೆಸುಣ್ಣದ ಬರಹ ಇನ್ನೂ ಇದೆ:
ನಾಲ್ಕು ಟೀ, ಬಾಕಿ.
ಯಾರ ಲೆಕ್ಕಕ್ಕೆ ಎಂಬುದನ್ನು ಬರೆದಿಲ್ಲ.